ಬಸ್ಸಿಗೆಂದು ಪಡೆದ ದಾರಿ ಬಸ್ಸಿಗೇ ಇರಲಿ

ಹುಬ್ಬಳ್ಳಿ–ಧಾರವಾಡ ರಸ್ತೆಯ ನಡುವೆ ಬಸ್ಸಿಗಷ್ಟೇ ಮೀಸಲಾದ ಬಿಆರ್‌ಟಿಎಸ್ ಪಥವನ್ನು ಎಲ್ಲ ವಾಹನಗಳಿಗೂ ಬಿಟ್ಟುಕೊಡಿ ಎಂಬ ಕೂಗು ಅವಳಿ ನಗರದಲ್ಲಿ ಮತ್ತೆ ಮತ್ತೆ ಏಳುತ್ತದೆ. ನಡುವಿನ ದಾರಿ ಖಾಲಿ ಬಿದ್ದಿರುತ್ತದೆ, ಪಕ್ಕದಲ್ಲಿ ಕಾರು, ಬೈಕುಗಳು ಒದ್ದಾಡುತ್ತವೆ, ಯೋಜನೆಯೇ ಸೋತಿದೆ ಎಂಬುದು ವಾದ. ಈ ಗದ್ದಲದಲ್ಲಿ ಗದಗ ಜಿಲ್ಲೆಯ ಮುಂಡರಗಿಯಿಂದ ಬಂದಿಳಿಯುವ ಪ್ರಯಾಣಿಕನ ದನಿ ಮಾತ್ರ ಎಲ್ಲೂ ಕೇಳಿಸುವುದಿಲ್ಲ.

ಗದಗ ಜಿಲ್ಲೆಯ ಜನಕ್ಕೆ ಇದು ಪರವೂರಿನ ರಸ್ತೆಯಲ್ಲ. ಗದಗಿನಲ್ಲೇ ವೈದ್ಯಕೀಯ ಕಾಲೇಜು ಬಂದಮೇಲೂ ದೊಡ್ಡ ಜಡ್ಡು ಎಂದರೆ ಹುಬ್ಬಳ್ಳಿಯ ಕಿಮ್ಸ್‌ಗೆ ಹೋಗುವುದು ತಪ್ಪಿಲ್ಲ. ಆಸ್ಪತ್ರೆಯ ಹೆಸರು ಕಾಗದದಲ್ಲಿ ಬದಲಾಗಿದ್ದರೂ ಜನರ ಬಾಯಲ್ಲಿ ಅದು ಕಿಮ್ಸೇ. ಮುಂಡರಗಿಯಲ್ಲಿ ನಸುಕಿಗೆ ಬಸ್ ಹತ್ತಿ, ಡಂಬಳ, ಗದಗ ದಾಟಿ ಹುಬ್ಬಳ್ಳಿ ಮುಟ್ಟಿದವರ ಕೆಲಸವೆಲ್ಲ ಇರುವುದು ಸುಮಾರು 22 ಕಿ.ಮೀ. ಉದ್ದದ ಈ ಹಾದಿಯಲ್ಲಿ. ವಿದ್ಯಾನಗರದಲ್ಲಿ ಕಿಮ್ಸ್, ಬಿವಿಬಿ ಕಾಲೇಜು. ಉಣಕಲ್ ಕೆರೆ, ಭೈರಿದೇವರಕೊಪ್ಪ ದಾಟಿದರೆ ಅಮರಗೋಳದ ಎಪಿಎಂಸಿ, ನವನಗರದ ಕ್ಯಾನ್ಸರ್ ಆಸ್ಪತ್ರೆ. ಇನ್ನೂ ಮುಂದೆ ನವಲೂರು, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ, ಕೊನೆಗೆ ಧಾರವಾಡದ ಜುಬಿಲಿ ವೃತ್ತ. ಕಾರಿಲ್ಲದವರಿಗೆ ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿಕೊಟ್ಟದ್ದು ಈ ಪಥದಲ್ಲಿ ಓಡುವ ‘ಚಿಗರಿ’ ಬಸ್ಸು.

2018ರಲ್ಲಿ ಪ್ರಾಯೋಗಿಕವಾಗಿ ಓಡತೊಡಗಿದ ಈ ಸೇವೆಯನ್ನು 2020ರ ಫೆಬ್ರುವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅಧಿಕೃತವಾಗಿ ಉದ್ಘಾಟಿಸಿದರು. ವಿಶ್ವಬ್ಯಾಂಕಿನ ನೆರವು ಬಂದದ್ದು ಸುಸ್ಥಿರ ನಗರ ಸಾರಿಗೆಯ ಹೆಸರಿನಲ್ಲಿ. ಆ ಹೆಸರಿನಲ್ಲೇ ರಸ್ತೆ ಬದಿಯ ಮನೆ, ಅಂಗಡಿಗಳು ಹೋದವು, ನೆರಳು ಕೊಡುತ್ತಿದ್ದ ಮರಗಳು ಉರುಳಿದವು, ಗುಡಿಗಳು ಜಾಗ ಬಿಟ್ಟವು. 2022ರ ಡಿಸೆಂಬರಿನಲ್ಲಿ ಪೊಲೀಸ್ ಕಾವಲಿನ ನಡುವೆ ಭೈರಿದೇವರಕೊಪ್ಪದ ದರ್ಗಾದ ಕಟ್ಟಡವನ್ನೂ ತೆರವುಗೊಳಿಸಲಾಯಿತು. ಅಂದು ಕಣ್ಣೀರು ಹಾಕಿದವರಿಗೆ ಸರ್ಕಾರ ಹೇಳಿದ್ದು ಒಂದೇ ಮಾತು: ಇದು ಸಾರ್ವಜನಿಕ ಸಾರಿಗೆಗಾಗಿ. ಈಗ ಅದೇ ನೆಲವನ್ನು ಕಾರುಗಳಿಗೆ ಒಪ್ಪಿಸಿದರೆ ಅದನ್ನು ಸಂಚಾರ ಸುಧಾರಣೆ ಎಂದು ಕರೆಯಲು ಬರುವುದಿಲ್ಲ. ಅದು ಕೊಟ್ಟ ಮಾತಿಗೆ ತಪ್ಪುವುದು.

ನಡುವಿನ ಪಥ ಖಾಲಿ ಕಾಣುತ್ತದೆ ಎಂಬ ದೂರನ್ನೇ ನೋಡಿ. ಬಸ್ಸು ತಡೆಯಿಲ್ಲದೆ ಸಾಗಿಹೋದರೆ ಹಿಂದೆ ಉಳಿಯುವುದು ಖಾಲಿ ರಸ್ತೆಯೇ. ಹೊಸೂರಿನಿಂದ ಹುಬ್ಬಳ್ಳಿಯ ನಗರ ಬಸ್ ನಿಲ್ದಾಣವಾದ ಸಿಬಿಟಿವರೆಗೆ ಚಿಗರಿಗೆ ಈ ಭಾಗ್ಯವಿಲ್ಲ. ಅಲ್ಲಿ ಅದು ಆಟೊ, ಬೈಕು, ಕಾರುಗಳ ನಡುವೆ ತೆವಳುತ್ತದೆ. ಎಲ್ಲ ವಾಹನಗಳಿಗೂ ಪಥ ಬಿಟ್ಟರೆ ಧಾರವಾಡದವರೆಗೂ ಅದೇ ಗತಿ. ಬಸ್ಸು ತಡವಾದಷ್ಟೂ ಇಂದಿನ ಪ್ರಯಾಣಿಕರು ನಾಳೆ ಬೈಕು ಕೊಳ್ಳುತ್ತಾರೆ. ತೆರೆದ ಪಥವೂ ತುಂಬುತ್ತದೆ. ಆಮೇಲೆ ಅಗಲಿಸಲು ಯಾರ ಮನೆ ಉಳಿದಿರುತ್ತದೆ?

ಹಾಗೆಂದು ಎಲ್ಲವೂ ಸರಿಯಿದೆ ಎನ್ನಲಾಗದು. ಕಿಮ್ಸ್ ನಿಲ್ದಾಣದಲ್ಲಿ ಇಳಿದವರನ್ನು ಒಮ್ಮೆ ಗಮನಿಸಬೇಕು. ಒಂದು ಕೈಯಲ್ಲಿ ಎಕ್ಸ್‌ರೇ ಕವರು, ಬುತ್ತಿಯ ಚೀಲ, ಇನ್ನೊಂದು ಕೈಯಲ್ಲಿ ನಡೆಯಲಾರದ ಮುದುಕಿಯ ತೋಳು. ನಿಲ್ದಾಣ ರಸ್ತೆಯ ನಟ್ಟನಡುವೆ, ಆಸ್ಪತ್ರೆ ಒಂದು ಮಗ್ಗುಲಿಗೆ, ನಡುವೆ ನಿಲ್ಲದೆ ಹರಿಯುವ ವಾಹನಗಳು. ಟಿಕೆಟನ್ನು ನಿಲ್ದಾಣದಲ್ಲೇ ಕೊಟ್ಟು, ಬಸ್ಸಿನ ಬಾಗಿಲಿನ ಮಟ್ಟಕ್ಕೇ ಕಟ್ಟೆ ಕಟ್ಟಿದ ಜಾಣ್ಮೆ ರಸ್ತೆ ದಾಟುವ ವಿಷಯದಲ್ಲಿ ಕೈಕೊಟ್ಟಿದೆ. ಧಾರವಾಡದ ಟೋಲ್ ನಾಕಾದಲ್ಲಿ ದೊಡ್ಡ ಮಳೆ ಬಂದರೆ ರಸ್ತೆ ಕೆರೆಯಾಗುತ್ತದೆ. ಎ.ಸಿ. ಕೆಟ್ಟ, ನಡುದಾರಿಯಲ್ಲಿ ನಿಂತ ಬಸ್ಸುಗಳ ದೂರುಗಳೂ ಸುಳ್ಳಲ್ಲ. ಇವು ದುರಸ್ತಿಯಾಗಬೇಕಾದ ತಪ್ಪುಗಳು. ಅದಕ್ಕಾಗಿ ಪಥವನ್ನೇ ಕೀಳುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಕೀಳಬೇಕೆನ್ನುವವರು ದೆಹಲಿಯನ್ನು ತೋರಿಸುತ್ತಾರೆ. ಅಂಬೇಡ್ಕರ್ ನಗರ–ಮೂಲಚಂದ್ ನಡುವೆ 2008ರಲ್ಲಿ ಆರಂಭವಾದ ಪಥವನ್ನು 2016ರಲ್ಲಿ ಒಡೆಯಲಾಯಿತು ನಿಜ. ಅದು ಆರು ಕಿ.ಮೀ.ಯೂ ಇರದ ತುಂಡು. ಭೋಪಾಲ 2024ರಲ್ಲಿ ಕೀಳಲು ತೊಡಗಿತು, 2025ರಲ್ಲಿ ಇಂದೋರಿನ ಪಥ ತೆಗೆಯಲು ಹೈಕೋರ್ಟ್ ಒಪ್ಪಿತು. ಆದರೆ 2009ರಲ್ಲಿ ಶುರುವಾದ ಅಹಮದಾಬಾದಿನ ಜನಮಾರ್ಗ ಬಸ್ ಪಥದ ಹೆಸರನ್ನು ಇವರು ಎತ್ತುವುದಿಲ್ಲ. ಅದು ಉಳಿದದ್ದಷ್ಟೇ ಅಲ್ಲ, ಬೆಳೆಯಿತು ಕೂಡ.

ಈಚೆಗೆ ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವರಾಗಿ ಸಂತೋಷ ಲಾಡ್ ವಿದ್ಯುತ್ ಚಾಲಿತ ಲಘು ಸಾರಿಗೆಯ ಮಾತು ಮುಂದಿಟ್ಟಿದ್ದಾರೆ. ಬರಲಿ, ಸಂತೋಷ. ಆದರೆ ಆ ಬಂಡಿಗಳಿಗೂ ಬೇಕಾದದ್ದು ಇದೇ ಪ್ರತ್ಯೇಕ ಪಥ. ಇಂದು ಕಾರುಗಳಿಗೆ ಬಿಟ್ಟುಕೊಟ್ಟದ್ದನ್ನು ನಾಳೆ ಅವುಗಳಿಂದ ಮರಳಿ ಪಡೆಯುವ ಧೈರ್ಯ ಯಾವ ರಾಜಕಾರಣಿಗೂ ಬರುವುದಿಲ್ಲ. ಇದರ ಜೊತೆಗೆ, ಅವಳಿ ನಗರದ ಬೇಂದ್ರೆ ನಗರ ಸಾರಿಗೆಯ ಖಾಸಗಿ ಬಸ್ಸುಗಳೊಂದಿಗಿನ ಪರ್ಮಿಟ್ ಜಗಳವೂ ಬಗೆಹರಿಯಬೇಕು. ಅವೂ ಜನ ಹತ್ತುವ ಬಸ್ಸುಗಳೇ, ಅವನ್ನು ವೈರಿಯಂತೆ ಕಾಣುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಆತಂಕವಿದೆ. 1962ರಲ್ಲಿ ಒಂದಾದ ಎರಡೂ ಊರುಗಳ ಪಾಲಿಕೆಯನ್ನು ಬೇರ್ಪಡಿಸಿ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಕೊಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ಚರಂಡಿ ಒಬ್ಬರದು, ಬೀದಿದೀಪ ಇನ್ನೊಬ್ಬರದು, ಬಸ್ಸು ಮೂರನೆಯವರದು ಎಂದಾದರೆ ರಸ್ತೆ ಅನಾಥವಾಗುತ್ತದೆ. ಎರಡೂ ಪಾಲಿಕೆ, ಸಾರಿಗೆ ಸಂಸ್ಥೆ ಮತ್ತು ಬಿಆರ್‌ಟಿಎಸ್ ಕಂಪನಿಗಳ ಹೊಣೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಸರ್ಕಾರ ಈಗಲೇ ಬರೆದಿಡಬೇಕು. ಕಿಮ್ಸ್, ನವನಗರ, ಸತ್ತೂರು ನಿಲ್ದಾಣಗಳಲ್ಲಿ ರೋಗಿಗಳು ನೆಮ್ಮದಿಯಿಂದ ರಸ್ತೆ ದಾಟುವ ವ್ಯವಸ್ಥೆ, ಟೋಲ್ ನಾಕಾದ ನೀರು ಹರಿದುಹೋಗುವ ದಾರಿ, ಹೊಸೂರಿನಿಂದ ಸಿಬಿಟಿವರೆಗೆ ಬಸ್ಸಿಗೆ ಆದ್ಯತೆ: ಈ ಮೂರೂ ಎಂದು ಮುಗಿಯುತ್ತವೆ ಎಂಬ ದಿನಾಂಕವನ್ನು ಜನರ ಮುಂದಿಡಬೇಕು. ಅಲ್ಲಿಯವರೆಗೆ ಪಥ ತೆರೆಯುವ ಚರ್ಚೆಯನ್ನು ಕೈಬಿಡಬೇಕು.