ಸಿಲಿಂಡರಿನ ಮೇಲಿನ ಅಕ್ಷರ
ಗ್ಯಾಸ್ ಸಿಲಿಂಡರಿನ ಹಿಡಿಯನ್ನು ಹೊತ್ತು ನಿಂತ ಪಟ್ಟಿಗಳಿವೆಯಲ್ಲ, ಅವುಗಳಲ್ಲೊಂದರ ಒಳಮೈಯಲ್ಲಿ ‘ಬಿ–28’ ಎಂಬಂಥ ಬರಹವಿರುತ್ತದೆ. ಗೋದಾಮಿನ ಯಾವುದೋ ಲೆಕ್ಕವಿರಬೇಕೆಂದು ಅದನ್ನು ಓದದೇ ಬಿಡುವವರೇ ಹೆಚ್ಚು. ಸಿಲಿಂಡರ್ ಮತ್ತೆ ಸುರಕ್ಷತಾ ಪರೀಕ್ಷೆಗೆ ಹೋಗಬೇಕಾದ ಗಡುವು ಅದು. ‘ಎ’ ಎಂದರೆ ಜನವರಿಯಿಂದ ಮಾರ್ಚ್, ‘ಬಿ’ ಜೂನ್‌ವರೆಗೆ, ‘ಸಿ’ ಸೆಪ್ಟೆಂಬರ್‌ವರೆಗೆ, ‘ಡಿ’ ಡಿಸೆಂಬರ್‌ವರೆಗೆ. ಪಕ್ಕದ ಅಂಕಿ ಇಸವಿಯದು. ಇದನ್ನೇ ಗ್ಯಾಸ್ ಕೆಡುವ ದಿನಾಂಕವೆಂದು ಹೆದರಿಸುವವರೂ ಇದ್ದಾರೆ. ಹುಳಿಯಾಗುವುದಕ್ಕೆ ಅದೇನು ಹಾಲೇ? ಅಲ್ಲೇ ಖಾಲಿ ಸಿಲಿಂಡರಿನ ತೂಕವನ್ನೂ ಬರೆದಿರುತ್ತಾರೆ. ಮನೆಬಳಕೆಯ ಸಿಲಿಂಡರಾದರೆ, ಅದಕ್ಕೆ ಗ್ಯಾಸಿನ 14.2 ಕಿಲೋ ಕೂಡಿಸಿದರೆ ತುಂಬಿದ್ದು ಎಷ್ಟು ತೂಗಬೇಕೆಂಬುದು ಸಿಕ್ಕಿತು. ಮನೆ ಬಾಗಿಲಲ್ಲೇ ತೂಗಿ ತೋರಿಸಿ ಎಂದು ಕೇಳುವ ಹಕ್ಕು ಗಿರಾಕಿಗಿದೆ. ತಂದುಕೊಡುವವರ ಬಳಿ ತೂಕದ ಸಾಧನ ಇರಲೇಬೇಕು. ಕೇಳಿದರೆ ಗೊಣಗಿಯಾರು, ಗೊಣಗಲಿ.