ಶೇಡ್ ಕಾರ್ಡನ್ನು ಬಾಗಿಲ ಬೆಳಕಿಗೆ ತನ್ನಿ

ಪ್ರತಿ ಡಿಸೆಂಬರ್ ಬಂತೆಂದರೆ ಅಮೆರಿಕದ ಪ್ಯಾಂಟೋನ್ ಕಂಪನಿ ಮುಂದಿನ ವರ್ಷದ ಬಣ್ಣ ಯಾವುದು ಅಂತ ಘೋಷಿಸುತ್ತದೆ. 2024ಕ್ಕೆ ಪೀಚ್ ಫಜ್ ಆಯ್ತು, 2025ಕ್ಕೆ ಮೋಕಾ ಮೂಸ್ ಆಯ್ತು. ಅದರ ಹಿಂದೆಯೇ ಫೋನ್ ಕವರ್, ಸೋಫಾ, ಗೋಡೆ ಬಣ್ಣಗಳ ಜಾಹೀರಾತು ಶುರು. ಇದರ ಜೊತೆಗೆ ಕೆಲವು ವರ್ಷಗಳಿಂದ ಬೂದು ಬಣ್ಣದ ಹುಚ್ಚು ಬೇರೆ. ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿ: ಹೊಸ ಮನೆ ಅಂದರೆ ಕಡು ಬೂದು ಗೋಡೆ, ನಡುವೆ ಮರದಂತೆ ಕಾಣುವ ಒಂದು ಪಟ್ಟಿ. ತುಮಕೂರಿನಲ್ಲೂ ಅದೇ, ಕಲಬುರಗಿಯಲ್ಲೂ ಅದೇ.

ಯಾರಿಗೆ ಯಾವ ಬಣ್ಣ ಇಷ್ಟವೋ ಹಚ್ಚಿಕೊಳ್ಳಲಿ, ಅದಕ್ಕೆ ನಮ್ಮ ತಕರಾರಿಲ್ಲ. ಬಣ್ಣವನ್ನು ಫೋನಿನ ಪರದೆಯಲ್ಲಿ ನೋಡಿ ಆರಿಸಿ, ಅದರ ಪರಿಣಾಮವನ್ನು ಮೂವತ್ತು ವರ್ಷ ಮನೆಯವರು ಅನುಭವಿಸುತ್ತಾರಲ್ಲ, ತಕರಾರು ಅದರ ಬಗ್ಗೆ. ಬಣ್ಣ ಅಂದರೆ ಅಲಂಕಾರ, ಅದು ನಮ್ಮ ಸಬ್ಜೆಕ್ಟ್ ಅಲ್ಲ ಅಂತ ಇಂಜಿನಿಯರಿಂಗ್ ಓದುವವರು ಸುಮ್ಮನಿರುವುದೂ ಸರಿಯಲ್ಲ. ಬಣ್ಣ ಬೆಳಕಿನ ವಿಷಯ, ಶಾಖದ ವಿಷಯ, ವಸ್ತುವಿನ ವಿಷಯ. ಈ ಮೂರೂ ನಮ್ಮ ಸಿಲಬಸ್ಸಿನಲ್ಲೇ ಇವೆ.

ಮೊದಲು ಬೆಳಕು. ಸೀರೆ ಅಂಗಡಿಗೆ ಅಮ್ಮನ ಜೊತೆ ಹೋದವರಿಗೆಲ್ಲ ಇದು ಗೊತ್ತು. ಮ್ಯಾಚಿಂಗ್ ಬ್ಲೌಸ್ ಪೀಸ್ ಸಿಕ್ಕಿದ ಕೂಡಲೇ ಅಮ್ಮ ಸೀರೆ, ಬ್ಲೌಸ್ ಪೀಸ್ ಎರಡನ್ನೂ ಹಿಡಿದು ಅಂಗಡಿಯ ಬಾಗಿಲಿಗೆ ಬರ್ತಾರೆ. ಒಳಗೆ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡದ್ದು ಬಿಸಿಲಲ್ಲಿ ಬೇರೆಬೇರೆ ಕಾಣಬಹುದು. ಇದಕ್ಕೆ ವಿಜ್ಞಾನದಲ್ಲಿ ಮೆಟಮೆರಿಸಂ ಅಂತ ಹೆಸರು. ನಮ್ಮ ಕಣ್ಣು ಬಣ್ಣವನ್ನು ಅಳೆಯುವುದು ಮೂರು ಬಗೆಯ ಕೋನ್ ಕೋಶಗಳಿಂದ ಮಾತ್ರ. ಹಾಗಾಗಿ ಬೇರೆಬೇರೆ ತರಂಗಗಳ ಎರಡು ಮಿಶ್ರಣಗಳು ಒಂದು ಬೆಳಕಿನಲ್ಲಿ ನಮ್ಮನ್ನು ಏಮಾರಿಸಿ, ಇನ್ನೊಂದರಲ್ಲಿ ಸಿಕ್ಕಿಬೀಳುತ್ತವೆ. 3000 ಕೆಲ್ವಿನ್ ಹಳದಿ ಬಲ್ಬಿನಡಿ ತೆಗೆದ ಫೋಟೋದ ಬೆಚ್ಚನೆಯ ಬೂದು ಬಣ್ಣ, 6500 ಕೆಲ್ವಿನ್ ಬಿಳಿ ಎಲ್‌ಇಡಿ ಹಾಕಿದ ಹಾಲ್‌ನಲ್ಲಿ ಆಸ್ಪತ್ರೆ ಗೋಡೆಯಂತೆ ಕಂಡರೆ ಪೇಂಟರ್‌ಗೆ ಬೈದು ಪ್ರಯೋಜನವಿಲ್ಲ. ಅಮ್ಮಂದಿರು ಬಾಗಿಲಲ್ಲಿ ನಿಂತು ಮಾಡುವ ಪರೀಕ್ಷೆಯನ್ನು ಶೇಡ್ ಕಾರ್ಡಿಗೂ ಮಾಡಬೇಕಿತ್ತು, ಅಷ್ಟೇ.

ಇನ್ನು ಶಾಖ. ಮಧ್ಯಾಹ್ನ ಎರಡು ಗಂಟೆಗೆ ಪಾರ್ಕಿಂಗಿನಲ್ಲಿ ಬಿಸಿಲಿಗೆ ನಿಂತ ಬೈಕಿನ ಕಪ್ಪು ಸೀಟಿನ ಮೇಲೆ ಕೂತವರಿಗೆ ಹೆಚ್ಚು ವಿವರಣೆ ಬೇಡ. ಕಡು ಬಣ್ಣ ಬಿಸಿಲಿನ ಬಹುಪಾಲನ್ನು ಹೀರಿಕೊಳ್ಳುತ್ತದೆ, ಬಿಳಿ ಸುಣ್ಣ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಲ್ಲಿ ಪಶ್ಚಿಮದ ಗೋಡೆಗೆ ಕಡು ಬೂದು ಬಳಿದರೆ ಆ ಫ್ಯಾಷನ್ನಿನ ಬಿಲ್ಲು ಪ್ರತಿ ತಿಂಗಳು ಕರೆಂಟ್ ಬಿಲ್ಲಿನ ಜೊತೆ ಬರುತ್ತದೆ. ಎಸಿ ಇಲ್ಲದ ಮನೆಯಲ್ಲಿ ಅದನ್ನು ಕಟ್ಟುವುದು ರಾತ್ರಿಯ ನಿದ್ದೆಯಿಂದ.

ಮೂರನೆಯದು ವಸ್ತು. ನಮ್ಮ ಅಜ್ಜಿಯರ ಮನೆಯ ರೆಡ್ ಆಕ್ಸೈಡ್ ನೆಲ ನೆನಪಿಸಿಕೊಳ್ಳಿ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಪುಡಿ ಬೆರೆಸಿ, ಕರಣೆಯಿಂದ ಒತ್ತಿ ಒತ್ತಿ ನುಣುಪು ಮಾಡಿದ್ದು. ಆ ಕೆಂಪು ಬಿಸಿಲಿಗೆ ಮಾಸುವುದಿಲ್ಲ, ಓಡಾಡಿದಷ್ಟೂ ಹೊಳಪು ಬರುತ್ತದೆ. ಅದನ್ನು ಒಡೆದು ಟೈಲ್ಸ್ ಹಾಕಿಸಿದೆವು. ಈಗ ಬೆಂಗಳೂರಿನ ಕೆಫೆಗಳಿಗೆ ಅದೇ ನೆಲ ಬೇಕಂತೆ! ಬಣ್ಣದ ಪುಡಿ ಈಗಲೂ ಅಂಗಡಿಯಲ್ಲಿ ಸಿಗುತ್ತದೆ, ಬಿರುಕು ಬಿಡದ ಹಾಗೆ ನೆಲ ಹಾಕುವ ಗಾರೆ ಕೆಲಸದವರು ಸಿಗುವುದು ಕಷ್ಟ. ಟ್ರೆಂಡು ತಿರುಗಿ ಬಂದರೂ ಕೈಗಳು ಅಷ್ಟು ಸುಲಭಕ್ಕೆ ತಿರುಗಿ ಬರುವುದಿಲ್ಲ.

ಚನ್ನಪಟ್ಟಣದ ಬೊಂಬೆಯಲ್ಲೂ ಬಣ್ಣ ಮತ್ತು ವಸ್ತುವನ್ನು ಬೇರೆ ಮಾಡಲು ಆಗುವುದಿಲ್ಲ. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬ್ರಷ್ಷೂ ಇಲ್ಲ, ಒಣಗಿಸುವುದೂ ಇಲ್ಲ. ಆ ಹೊಳಪನ್ನು ಪರದೆ ತೋರಿಸಲಾರದು, ಕೈಯಲ್ಲಿ ಹಿಡಿದೇ ನೋಡಬೇಕು.

ಹಾಗಂತ ಬಣ್ಣಕ್ಕೆ ನಂಬರ್ ಕೊಡುವ ಪದ್ಧತಿಯೇ ಬೇಡ ಅಂತಲ್ಲ. 1963ರಲ್ಲಿ ಪ್ಯಾಂಟೋನ್ ತಂದ ನಂಬರುಗಳಿಂದ, ಒಂದು ದೇಶದಲ್ಲಿ ಆರಿಸಿದ ಬಣ್ಣವನ್ನು ಇನ್ನೊಂದು ದೇಶದ ಪ್ರೆಸ್ಸಿನವರು ನೋಡದೆಯೇ ಮುದ್ರಿಸಬಹುದು. ಪೇಂಟಿನ ಬಣ್ಣಗಳಿಗೆ ನಮ್ಮ ದೇಶದ್ದೇ ಐಎಸ್ 5 ಮಾನದಂಡ ಇದೆ. ಅಳತೆ ಎಲ್ಲರಿಗೂ ಒಂದೇ ಇರಲಿ, ಆಯ್ಕೆ ಮಾತ್ರ ಆಯಾ ಊರಿನ ಬಿಸಿಲು ನೋಡಿ ಆಗಲಿ. ದಿಂಬಿನ ಕವರಿಗೆ ಟ್ರೆಂಡ್ ಸಾಕು, ಎರಡು ವರ್ಷಕ್ಕೆ ಬದಲಾಯಿಸಬಹುದು. ನೆಲ, ಗೋಡೆ, ಸೂರಿಗೆ ಸಾಲದು.

ನಮ್ಮ ಕಾಲೇಜಿನಿಂದ ಎರಡು ಕೆಲಸ ಆಗಬೇಕು. ಒಂದು, ಪ್ರಾಜೆಕ್ಟ್ ವರದಿಯಲ್ಲಿ ಬಣ್ಣಕ್ಕೂ ಅರ್ಧ ಪುಟ ಇರಲಿ: ಯಾಕೆ ಆ ಬಣ್ಣ, ಯಾವ ಬೆಳಕಿನಲ್ಲಿ ನೋಡಿದ್ದು, ಬಿಸಿಲಲ್ಲಿ ಎಷ್ಟು ಕಾಯುತ್ತೆ. ಎರಡು, ಒಂದು ಮಾದರಿ ಕಪಾಟು. ಶಹಾಬಾದ್ ಕಲ್ಲು, ಮಂಗಳೂರು ಹೆಂಚು, ರೆಡ್ ಆಕ್ಸೈಡಿನ ಒಂದು ಬಿಲ್ಲೆ, ಅರಗು ಹತ್ತಿದ ಮರದ ತುಂಡು, ಹಳ್ಳಿಗೋಡೆಗೆ ಬಳಿಯುವ ಕೆಮ್ಮಣ್ಣು, ಸುಣ್ಣ. ಲೈಬ್ರರಿಯ ಒಂದು ಅರೆ ಸಾಕು, ಆದರೆ ಅದು ಕಿಟಕಿಯ ಪಕ್ಕ ಇರಬೇಕು.

ಅಲ್ಲಿ ಕನ್ನಡ ಸಂಘಕ್ಕೂ ಕೆಲಸವಿದೆ. ಗಿಳಿಹಸಿರು, ಗೋಧಿಬಣ್ಣ, ಸಂಪಿಗೆ ಬಣ್ಣ, ಕಾವಿ: ಇವೆಲ್ಲ ಕಣ್ಣಾರೆ ನೋಡಿದ ವಸ್ತುವಿನಿಂದ ಹುಟ್ಟಿದ ಹೆಸರುಗಳು, ಒಂದೊಂದೂ ಒಂದು ಮಾದರಿಯೇ. ಮುಂದಿನ ರಜೆಗೆ ಊರಿಗೆ ಹೋದಾಗ ಅಂಗೈಯಗಲದ ಒಂದು ತುಂಡು ತನ್ನಿ. ಅದನ್ನು ನಿಮ್ಮೂರಲ್ಲಿ ಏನಂತ ಕರೀತಾರೆ ಅಂತಲೂ ಕೇಳಿಕೊಂಡು ಬನ್ನಿ. ಚೀಟಿ ಬರೆದು ಅಂಟಿಸುವ ಕೆಲಸ ನಮಗಿರಲಿ.