ಮಹಮ್ಮದ್ ಅಲಿಯೂ ಆತನ ಸ್ತುತಿಪಾಠಕರೂ

ಗಟ್ಟಿಯಾಗಿ ಮಾತನಾಡುವವನಿಗೆ ಕಲ್ಲೆಸೆದು, ಅವನ ಬಾಯಿ ಕಟ್ಟಿದ ಮೇಲೆ ಹೂವೆರಚುವುದು ಲೋಕದ ಹಳೆಯ ಪದ್ಧತಿ. ಅಮೆರಿಕದ ಮುಷ್ಟಿಮಲ್ಲನಾದ ಮಹಮ್ಮದ್ ಅಲಿಯ ವಿಷಯದಲ್ಲಿ ನಡೆದುದೂ ಇದೇ. 2016ನೆಯ ಜೂನ್ 3ರಂದು ಆತನು ತೀರಿಕೊಂಡಾಗ ಹೊಗಳಿಕೆಯ ಹೊಳೆಯೇ ಹರಿಯಿತು. ಆದರೆ ಬಹುಮಂದಿಯ ಹೊಗಳಿಕೆಯಲ್ಲಿ ಆತನ ಕಾಲಿನ ಲಾಘವವೂ ಮಾತಿನ ಚಮತ್ಕಾರವೂ ಮೆರೆದುವೇ ಹೊರತು, ಆತನು ತೆತ್ತ ಬೆಲೆಯು ಎಂದೋ ತೀರಿದ ಹಳೆಯ ಜಗಳದಂತೆ ಮಾತ್ರ ತೋರಿತು.

ಆ ಬೆಲೆಯೆಷ್ಟೆಂಬುದನ್ನು ನೋಡಬೇಕು. 1942ರಲ್ಲಿ ಲೂಯಿವಿಲ್ ನಗರದಲ್ಲಿ ಕ್ಯಾಸಿಯಸ್ ಕ್ಲೇ ಎಂಬ ಹೆಸರಿನಿಂದ ಹುಟ್ಟಿದ ಈತನು 1960ರಲ್ಲಿ ರೋಮಿನ ಒಲಿಂಪಿಕ್ ಕೂಟದಲ್ಲಿ ಚಿನ್ನದ ಪದಕವನ್ನು ಗೆದ್ದನು. 1964ರಲ್ಲಿ ಸನಿ ಲಿಸ್ಟನ್ನನನ್ನು ಸೋಲಿಸಿ 22ನೆಯ ವಯಸ್ಸಿಗೇ ಜಗಜಟ್ಟಿಯೆನಿಸಿದನು. 1967ನೆಯ ಏಪ್ರಿಲ್ 28ರಂದು ಹ್ಯೂಸ್ಟನ್ನಿನಲ್ಲಿ, ವಿಯೆಟ್ನಾಮ್ ಯುದ್ಧದ ಕಾಲದ ಕಡ್ಡಾಯ ಸೈನ್ಯಸೇವೆಗೆ ಹೆಸರು ಕೂಗಿದಾಗ ಹೆಜ್ಜೆ ಮುಂದಿಡಲಿಲ್ಲ. ಪಟ್ಟವು ಹೋಯಿತು, ಪಂದ್ಯವಾಡುವ ಪರವಾನಗಿಯು ಹೋಯಿತು, 5 ವರ್ಷದ ಸೆರೆಯೂ 10,000 ಡಾಲರ್ ದಂಡವೂ ವಿಧಿಸಲ್ಪಟ್ಟುವು. ಮೇಲ್ಮನವಿಯಿಂದ ಸೆರೆ ತಪ್ಪಿತಾದರೂ, ಮಲ್ಲನ ಆಯುಸ್ಸಿನಲ್ಲಿ ಅತ್ಯಮೂಲ್ಯವಾದ ಮೂರೂವರೆ ವರ್ಷಗಳು ಕಣವಿಲ್ಲದೆ ಕಳೆದುವು.

ಇದು ಹೇಡಿತನವೆಂದು ಅಂದು ಹಲವರು ಹಳಿದರು. ಈ ಆಕ್ಷೇಪಕ್ಕೆ ಹುರುಳುಂಟೆ? ಎರಡನೆಯ ಮಹಾಯುದ್ಧದಲ್ಲಿ ಸೈನ್ಯವನ್ನು ಸೇರಿದ ಜಗಜಟ್ಟಿ ಜೋ ಲೂಯಿಸ್ ಸೈನಿಕರ ಮುಂದೆ ಪ್ರದರ್ಶನ ಪಂದ್ಯಗಳನ್ನಾಡಿ ಮಾನ್ಯನಾದನು. ಪ್ರಾಣಭಯವೊಂದೇ ಇದ್ದವನು ಅಂತಹ ಸುಗಮವಾದ ದಾರಿಯನ್ನು ಅರಸುತ್ತಿದ್ದನೇ ಹೊರತು ಸೆರೆಮನೆಯ ಬಾಗಿಲನ್ನಲ್ಲ. ಕಾನೂನನ್ನು ಧಿಕ್ಕರಿಸಿದನೆಂಬುದು ಇನ್ನೊಂದು ಆಕ್ಷೇಪ. ಆತನು ಪರದೇಶಕ್ಕೆ ಓಡಿಹೋಗಲಿಲ್ಲ. ಸ್ವದೇಶದ ನ್ಯಾಯಾಸನದ ಮುಂದೆಯೇ ನಿಂತನು. 1971ನೆಯ ಜೂನ್ 28ರಂದು ಸರ್ವೋಚ್ಚ ನ್ಯಾಯಾಲಯದ 8 ಮಂದಿ ನ್ಯಾಯಾಧೀಶರು ಒಮ್ಮತದಿಂದ ಆ ಶಿಕ್ಷೆಯನ್ನು ತೊಡೆದುಹಾಕಿದರು. ಆತನ ವಿನಾಯಿತಿಯ ಬೇಡಿಕೆಯನ್ನು ತಳ್ಳಿದ ಮಂಡಲಿಯು ಅದಕ್ಕೆ ಕಾರಣವನ್ನೇ ಕೊಟ್ಟಿರಲಿಲ್ಲವೆಂಬುದು ತೀರ್ಪಿನ ಆಧಾರ. ಆದರೆ ಯಾವ ತೀರ್ಪು ತಾನೆ ಕಳೆದ ಯೌವನವನ್ನು ಹಿಂದಕ್ಕೆ ತಂದೀತು?

ಹೀಗೆಂದ ಮಾತ್ರಕ್ಕೆ ಆತನನ್ನು ದೇವರ ಗದ್ದಿಗೆಗೆ ಏರಿಸಬೇಕಾದುದಿಲ್ಲ. ಆತನು ಕಣಕ್ಕೆ ಮರಳಬೇಕೆಂದು ಬೆಂಬಲವಿತ್ತ ಜೋ ಫ್ರೇಜಿಯರನನ್ನೇ ಆತನು ಗೊರಿಲ್ಲವೆಂದು ಹೀಯಾಳಿಸಿದನು. ತನ್ನ ಜನರ ಮಾನಕ್ಕಾಗಿ ಹೋರಾಡಿದವನ ಬಾಯಲ್ಲಿ ಅದೇ ಜನದ ಒಬ್ಬನಿಗೆ ಇಂತಹ ಮಾತು ಬಂದುದು ಕಲಂಕವೇ ಸರಿ. ಸ್ತುತಿಪಾಠಕರು ಇದನ್ನೂ ನಗೆಚಾಟಿಕೆಯೆಂದು ಮರೆಸುತ್ತಾರೆ. ಗುಣವನ್ನು ಮೊಂಡು ಮಾಡಿ ದೋಷವನ್ನು ಮುಚ್ಚಿದ ಮೇಲೆ ಉಳಿಯುವುದು ಮನುಷ್ಯನಲ್ಲ, ಬೊಂಬೆ.

1984ರಲ್ಲಿ ಪಾರ್ಕಿನ್ಸನ್ ಬೇನೆಯು ಗುರುತಿಗೆ ಬಂದಿತು; ಬರಬರುತ್ತ ಮಾತು ಉಡುಗಿತು. 1996ರಲ್ಲಿ ಅಟ್ಲಾಂಟಾದಲ್ಲಿ ನಡುಗುವ ಕೈಯಿಂದ ಆತನು ಒಲಿಂಪಿಕ್ ಜ್ಯೋತಿಯನ್ನು ಹೊತ್ತಿಸಿದಾಗ ಲೋಕವು ಕಣ್ಣೀರಿಟ್ಟಿತು. 2005ರಲ್ಲಿ ದೇಶದ ಅಧ್ಯಕ್ಷರೇ ಕೊರಳಿಗೆ ಪದಕವನ್ನು ತೊಡಿಸಿದರು. ಆ ಕಣ್ಣೀರು ಸುಳ್ಳಲ್ಲ. ಆದರೆ ಅದು ಅಗ್ಗದ್ದು. ಬೇಡವೆನ್ನುವವನು ಒಂಟಿಯಾಗಿ ನಿಂತ ದಿನ ಅವನ ಮಾತನ್ನು ಕಿವಿಗೊಟ್ಟು ಕೇಳುವುದೇ ಗೌರವ. ಅಲಿಯನ್ನು ಇಂದು ಹೊಗಳುವವರು, ತಮ್ಮ ಕಾಲದಲ್ಲಿ ಹಾಗೆ ನಿಂತಿರುವವನ ಮೇಲೆ ತಮ್ಮ ಕೈಯಿಂದ ಬೀಳುತ್ತಿರುವುದು ಹೂವೋ ಕಲ್ಲೋ ಎಂಬುದನ್ನು ಮೊದಲು ನೋಡಿಕೊಳ್ಳಲಿ.